ಒಂಟಿತನ, ಏಕಾಂತ ಮತ್ತು ‘ಬಿಕೋ’

ಕೆಲವು ಕಾಲದ ಹಿಂದೆ ಒಂಬತ್ತನೆಯ ತರಗತಿಯ ಕಿರುಪರೀಕ್ಷೆಯಲ್ಲಿ ‘ಸಮಾನಾರ್ಥಕ ಪದ ಬರೆಯಿರಿ’ ಎಂಬ ಪ್ರಶ್ನೆಯ ಕೆಳಗೆ ‘ಏಕಾಂತ’ ಎಂಬ ಮಾತನ್ನು ಕೊಟ್ಟಿದ್ದೆ. ಹುಡುಗನೊಬ್ಬ ಅದರ ಮುಂದೆ ‘ಒಂಟಿತನ’ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ತಪ್ಪಿನ ಗುರುತು ಹಾಕಿ ಮುಂದಕ್ಕೆ ಹೋದೆ. ಉತ್ತರಪತ್ರಿಕೆಗಳನ್ನು ಹಂಚಿದ ದಿನ ಹುಡುಗ ಮೇಜಿನ ಬಳಿಗೆ ಬಂದು, “ಎರಡರಲ್ಲೂ ಒಬ್ಬನೇ ಇರೋದು ತಾನೇ ಸಾರ್? ವ್ಯತ್ಯಾಸ ಏನು?” ಎಂದು ಕೇಳಿದ. ಗಂಟೆ ಹೊಡೆಯಿತು. “ನಾಳೆ ಹೇಳುತ್ತೇನೆ” ಎಂದು ಅವನನ್ನು ಕಳುಹಿಸಿದೆ.

ಮನೆಗೆ ಬಂದು ನಿಘಂಟು ತೆರೆದರೆ ಅದು ಸ್ವಲ್ಪಮಟ್ಟಿಗೆ ಹುಡುಗನ ಪಕ್ಷವನ್ನೇ ಹಿಡಿಯುತ್ತದೆ. ಆದರೆ ನಿಘಂಟು ಹೇಳುವುದು ಅರ್ಥವನ್ನು. ಮಾತಿನ ಹದವನ್ನು ಹೇಳುವುದು ಬಳಕೆ. ನಮ್ಮ ಜನ ಒಬ್ಬರೇ ಇರುವುದನ್ನು ಕುರಿತು ಯಾವ ಯಾವ ಮಾತುಗಳನ್ನು ಆಡುತ್ತಾರೆ, ಎಲ್ಲೆಲ್ಲಿ ಆಡುತ್ತಾರೆ ಎಂದು ನೋಡುತ್ತ ಹೋದಂತೆ ಆ ಹುಡುಗನ ಪ್ರಶ್ನೆ ಒಂದು ಅಂಕದ ಪ್ರಶ್ನೆಯಲ್ಲವೆಂದು ನನಗೆ ಮನವರಿಕೆಯಾಯಿತು. ಹಾಗೆ ನೋಡಿದುದನ್ನು ಇಲ್ಲಿ ಓದುಗರ ಮುಂದಿಡುತ್ತೇನೆ.

ಮೊದಲು ‘ಒಂದು’ ಎಂಬ ಮಾತಿನಿಂದ ಹೊರಡೋಣ. ಕನ್ನಡದಲ್ಲಿ ವಸ್ತುವಾದರೆ ಒಂದು, ಮನುಷ್ಯನಾದರೆ ಒಬ್ಬ. ಹಳಗನ್ನಡದ ‘ಒರ್ವಂ’, ‘ಒರ್ಬಂ’ ಎಂಬ ರೂಪಗಳೇ ಇಂದಿನ ಒಬ್ಬ. ಈ ಒಂದರ ಮನೆತನ ದೊಡ್ಡದು. ಒಂದು ಕಟ್ಟಾದರೆ ಒಗ್ಗಟ್ಟು, ಒಂದು ಮತವಾದರೆ ಒಮ್ಮತ, ಒಂದು ಕೂಟವಾದರೆ ಒಕ್ಕೂಟ. ಒಂಟಿ, ಒಬ್ಬಂಟಿ, ಒಬ್ಬಂಟಿಗ ಎಂಬವೂ ಇದೇ ಮನೆಯ ಮಕ್ಕಳು. ಹಲವರು ಸೇರಿ ಒಂದಾದರೆ ಒಗ್ಗಟ್ಟು. ಹಲವರಿಂದ ಒಬ್ಬ ಕಳಚಿಕೊಂಡರೆ ಒಂಟಿ. ಇಂಗ್ಲಿಷಿನವರು ಒಬ್ಬನೇ ಇರುವುದಕ್ಕೆ ಹೇಳುವ ‘ಅಲೋನ್’ ಎಂಬ ಮಾತು ಕೂಡ ‘ಆಲ್’ ಮತ್ತು ‘ಒನ್’ ಎಂಬ ಎರಡು ಮಾತುಗಳು ಕೂಡಿ ಆದುದು. ಒಂದು ಎಂಬುದರಲ್ಲಿ ತುಂಬುವಿಕೆಯೂ ಉಂಟು, ಕೊರತೆಯೂ ಉಂಟು ಎಂಬುದು ಎರಡು ಭಾಷೆಗಳಿಗೂ ಗೊತ್ತು.

ಆದರೆ ಒಂದಾಗಿರುವುದೆಲ್ಲ ಒಂಟಿಯಲ್ಲ. ಆಕಾಶದಲ್ಲಿ ನಮಗೆ ಕಾಣುವ ಸೂರ್ಯ ಒಬ್ಬನೇ. ಅವನನ್ನು ಯಾರೂ ಒಂಟಿ ಸೂರ್ಯ ಎನ್ನುವುದಿಲ್ಲ. ಒಂಟಿ ಎತ್ತು ಎನ್ನುತ್ತೇವೆ, ಏಕೆಂದರೆ ನೊಗಕ್ಕೆ ಎರಡು ಎತ್ತು ಬೇಕು. ಒಂಟಿ ಚಪ್ಪಲಿ, ಒಂಟಿ ಕಾಲು, ಒಂಟಿ ಕೈ ಎನ್ನುತ್ತೇವೆ. ಊರ ಹೊರಗಿನ ಮನೆಯನ್ನು ಒಂಟಿ ಮನೆ ಎನ್ನುತ್ತೇವೆ, ಏಕೆಂದರೆ ಮನೆಯೆಂದ ಮೇಲೆ ನೆರೆಮನೆ ಇರಬೇಕು. ಹೊರಡುವ ಹೊತ್ತಿನಲ್ಲಿ ಒಂಟಿ ಸೀನು ಬಂದರೆ ಹಿರಿಯರು ಇನ್ನೊಂದು ಸೀನು ಬರಲಿ ಎಂದು ಕಾಯುತ್ತ ನಿಲ್ಲುತ್ತಿದ್ದರು. ಅಂದರೆ ಎರಡಿರಬೇಕಾದ ಕಡೆ ಒಂದೇ ಇದ್ದರೆ ಅದು ಒಂಟಿ. ಈ ಮಾತಿನ ಹೊಟ್ಟೆಯಲ್ಲಿ ಬಾರದಿರುವ ಇನ್ನೊಂದು ಸದಾ ಇರುತ್ತದೆ. ‘ತನ’ ಎಂಬ ತದ್ಧಿತ ಪ್ರತ್ಯಯ ಸೇರಿ ಒಂಟಿತನವಾದಾಗ ಬಡತನ, ಸಣ್ಣತನಗಳ ಹಾಗೆ ಅದೊಂದು ಭಾವವಾಯಿತು. ಜತೆ ಇಲ್ಲದುದು ಮನಸ್ಸಿಗೆ ತಾಗಿತು ಎಂದಾಯಿತು.

ಹೊರಗಿನಿಂದ ನೋಡಿ ಒಂಟಿ ಎನ್ನುವುದು ಕೆಲವೊಮ್ಮೆ ಪೂರ್ತಿ ನಿಜವಾಗದು ಎಂಬುದಕ್ಕೆ ನಮ್ಮ ಕಾಡಿನಲ್ಲೇ ಸಾಕ್ಷಿಯಿದೆ. ಒಂಟಿ ಸಲಗ ಎಂದೊಡನೆ ಕೊಡಗು, ಹಾಸನದ ತೋಟಗಳವರು ಬೆಚ್ಚುತ್ತಾರೆ. ಹಿಂಡು ಹೊರದೂಡಿದ ಆನೆ, ಆ ಕೋಪದಲ್ಲಿ ತಿರುಗುತ್ತದೆ ಎಂದು ಕಥೆ ಹೇಳುವವರುಂಟು. ಆನೆಗಳ ಬದುಕನ್ನು ಅಭ್ಯಾಸ ಮಾಡಿದವರು ಹೇಳುವುದೇ ಬೇರೆ. ಆನೆಯ ಹಿಂಡು ಹೆಣ್ಣಾನೆಗಳದ್ದು ಮತ್ತು ಮರಿಗಳದ್ದು. ಗಂಡಾನೆ ಹರೆಯಕ್ಕೆ ಬಂದಂತೆ ಹಿಂಡನ್ನು ಬಿಟ್ಟು ಒಬ್ಬನೇ ಆಗಿ, ಇಲ್ಲವೇ ಇತರ ಗಂಡಾನೆಗಳೊಡನೆ ತಿರುಗುವುದು ಅದರ ಜಾತಿಧರ್ಮ. ನಾವು ಒಂಟಿ ಎಂದ ಮಾತ್ರಕ್ಕೆ ಆ ಸಲಗ ನೊಂದಿರಬೇಕಾಗಿಲ್ಲ.

ಇನ್ನು ಏಕಾಂತಕ್ಕೆ ಬರೋಣ. ಸಂಸ್ಕೃತದಲ್ಲಿ ಏಕ ಮತ್ತು ಅಂತ ಸೇರಿ ಆದ ಈ ಮಾತಿಗೆ ಜನರಿಲ್ಲದ ಸ್ಥಳ ಎಂದೂ, ಒಂದೇ ಗುರಿಯುಳ್ಳದ್ದು ಎಂದೂ ಅರ್ಥವುಂಟು. ಕನ್ನಡದ ಮನೆಗಳಲ್ಲಿ ಇದರ ಬಳಕೆಯನ್ನು ಗಮನಿಸಿ. ಬೀಗರು ಬಂದಾಗ ಹಿರಿಯರೊಬ್ಬರು ಎದ್ದು, “ತಮ್ಮೊಡನೆ ಏಕಾಂತವಾಗಿ ಎರಡು ಮಾತಾಡಬೇಕಾಗಿತ್ತು” ಎನ್ನುತ್ತಾರೆ. ಅಲ್ಲಿಗೆ ಏಕಾಂತದಲ್ಲಿ ಇಬ್ಬರಾದರು! ಹಳೆಯ ಕಾವ್ಯಗಳ ಅರಸರು ಮಂತ್ರಿಗಳೊಡನೆ ಏಕಾಂತದಲ್ಲಿ ಕುಳಿತು ಆಲೋಚಿಸುತ್ತಾರೆ. ದೇವಾಲಯಗಳಲ್ಲಿ ರಾತ್ರಿ ದೇವರನ್ನು ಮಲಗಿಸುವ ಕಡೆಯ ಸೇವೆಗೆ ಏಕಾಂತ ಸೇವೆ ಎಂದು ಹೆಸರು. ತಿರುಮಲೆಗೆ ಹೋಗಿ ಬಂದವರಿಗೆ ಈ ಮಾತು ಪರಿಚಿತ. ಅಲ್ಲಿ ದೇವರಿಗೆ ಒಂಟಿತನವೆಂದು ಯಾರೂ ಮರುಗುವುದಿಲ್ಲ. ದಿನವಿಡೀ ಜನಸಂದಣಿಯನ್ನು ಕಂಡ ಸ್ವಾಮಿಗೆ ವಿಶ್ರಾಂತಿ ದೊರೆಯಿತೆಂದು ಸಂತೋಷಪಡುತ್ತಾರೆ.

ಒಂದೇ ಗುರಿ ಎಂಬ ಅರ್ಥಕ್ಕೆ ಹನ್ನೆರಡನೆಯ ಶತಮಾನದ ಶರಣ ಏಕಾಂತದ ರಾಮಯ್ಯನ ಹೆಸರೇ ಉದಾಹರಣೆ. ಇಂದಿನ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನದಲ್ಲಿ ಅವನ ಕಥೆಯಿದೆ. ಅವನು ಗುಹೆಯಲ್ಲಿ ಅಡಗಿ ಕುಳಿತವನಲ್ಲ. ಊರ ನಡುವೆ ಎದುರಾಳಿಗಳೊಡನೆ ಪಂಥ ಕಟ್ಟಿ ನಿಂತವನು. ಶಿವನೊಬ್ಬನಲ್ಲೇ ನೆಟ್ಟ ಮನಸ್ಸು ಅವನ ಏಕಾಂತ. ಇಂದಿನ ಶಿವಮೊಗ್ಗ ಜಿಲ್ಲೆಯ ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲದ ಕದಳೀವನಕ್ಕೆ ನಡೆದ ಅಕ್ಕಮಹಾದೇವಿಯನ್ನು ನೆನೆಯಿರಿ. ಅರಮನೆಯನ್ನು ಬಿಟ್ಟು ಹೊರಟ ಆ ಹೆಣ್ಣುಮಗಳ ಜತೆಗೆ ಯಾರೂ ಇರಲಿಲ್ಲ. ಹಾಗೆಂದು ಆಕೆಯನ್ನು ಒಂಟಿ ಎಂದು ಕರೆಯಲು ನಮ್ಮ ನಾಲಿಗೆ ಏಳುವುದಿಲ್ಲ. ತಾನಾಗಿ ಆರಿಸಿಕೊಂಡು, ಒಂದು ಗುರಿಯನ್ನು ಹಿಡಿದು ಒಬ್ಬಳೇ ಇರುವುದು ಬೇರೆ.

ಏಕಾಂಗಿ ಎಂಬುದು ಈ ಎರಡರ ನಡುವೆ ನಿಲ್ಲುವ ಮಾತು. ಏಕಾಂಗಿಯಾಗಿ ಹೋರಾಡಿದ ಎಂದರೆ ಅದರಲ್ಲಿ ಮೆಚ್ಚುಗೆಯಿದೆ. ಕೊನೆಗಾಲದಲ್ಲಿ ಏಕಾಂಗಿಯಾದ ಎಂದರೆ ಮರುಕವಿದೆ. ವಿರಹಕ್ಕೆ ಮಾತ್ರ ಇಂಥ ಗೊಂದಲವಿಲ್ಲ. ಕಾಳಿದಾಸನ ಯಕ್ಷ ರಾಮಗಿರಿಯಲ್ಲಿ ಕುಳಿತು ಮೋಡದೊಡನೆ ಸಂದೇಶ ಕಳುಹಿಸುತ್ತಾನೆ. ಸಂದೇಶ ಯಾರಿಗೆ, ಯಾವ ಊರಿಗೆ, ಯಾವ ಮನೆಗೆ ಎಂದು ಅವನಿಗೆ ಗೊತ್ತು. ವಿರಹಕ್ಕೆ ವಿಳಾಸವುಂಟು. ಒಂಟಿತನಕ್ಕೆ ಅನೇಕ ವೇಳೆ ಅದಿರುವುದಿಲ್ಲ. ಏನೋ ಇಲ್ಲ ಎನ್ನಿಸುತ್ತದೆ, ಯಾರು ಬಂದರೆ ತೀರೀತೆಂದು ತಿಳಿಯುವುದಿಲ್ಲ.

ಉಪನಿಷತ್ತಿನ ಒಂದು ಪ್ರಸಂಗ ಇಲ್ಲಿ ನೆನಪಿಗೆ ಬರುತ್ತದೆ. ಬೃಹದಾರಣ್ಯಕದಲ್ಲಿ ಸೃಷ್ಟಿಯ ಮೊದಲಿನ ಆ ಒಬ್ಬನ ಕಥೆ ಹೀಗಿದೆ. ಮೊದಲು ಅವನಿಗೆ ಭಯವಾಯಿತು. ಆಮೇಲೆ ಯೋಚಿಸಿದ: ನನ್ನನ್ನು ಬಿಟ್ಟು ಬೇರೊಬ್ಬನೇ ಇಲ್ಲದಿರುವಾಗ ಹೆದರುವುದು ಯಾರಿಗೆ? ಭಯವೇನೋ ಹೋಯಿತು, ಆದರೆ ಸಂತೋಷ ಬರಲಿಲ್ಲ. ಆದ್ದರಿಂದಲೇ ಇಂದಿಗೂ ಏಕಾಕಿಯಾದವನಿಗೆ ಸಂತೋಷವಿಲ್ಲ ಎಂದು ಹೇಳಿ, ಅವನು ಎರಡನೆಯವರನ್ನು ಬಯಸಿದ ಎಂದು ಉಪನಿಷತ್ತು ಮುಂದುವರಿಯುತ್ತದೆ. ಅದೇ ‘ಏಕಾಕೀ’ ಎಂಬ ಪದ ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಯೋಗಿಯ ಸಾಧನೆಯನ್ನು ಹೇಳುವಾಗ ಬರುತ್ತದೆ. ಅಲ್ಲಿ ಒಬ್ಬನೇ ಕೂರುವುದು ಸಾಧನೆಗೆ ಬೇಕಾದ ನಿಯಮ. ಮಾತು ಒಂದೇ, ಒಂದು ಕಡೆ ಕೊರತೆ, ಇನ್ನೊಂದು ಕಡೆ ಬಲ. ಹಾಗಾದರೆ ವ್ಯತ್ಯಾಸವಿರುವುದು ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಎಂಬುದರಲ್ಲಿ ಅಲ್ಲ. ಇರುವವನು ಅದನ್ನು ಬಯಸಿದನೆ, ಅದು ಅವನ ಮೇಲೆ ಬಂದು ಬಿದ್ದಿತೆ ಎಂಬುದರಲ್ಲಿ.

ಪಕ್ಕದಲ್ಲಿ ಜನರಿದ್ದೂ ಒಂಟಿಯಾಗಬಹುದೆಂಬುದನ್ನು ನಮ್ಮ ರನ್ನ ಮಹಾಕವಿ ಸಾವಿರ ವರ್ಷಗಳ ಹಿಂದೆಯೇ ಕಂಡಿದ್ದಾನೆ. ಗದಾಯುದ್ಧದ ದುರ್ಯೋಧನ ಹನ್ನೊಂದು ಅಕ್ಷೌಹಿಣಿ ಸೇನೆಯ ಒಡೆಯನಾಗಿದ್ದವನು. ಕಡೆಗೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಎಲ್ಲರೂ ಬಿದ್ದಿದ್ದಾರೆ. ಆಗ ಅವನು ಒಬ್ಬನೇ ಇಲ್ಲ. ಸಂಜಯ ಅವನ ಕೈಹಿಡಿದಂತೆ ಜತೆಯಲ್ಲೇ ಇದ್ದಾನೆ. ಆದರೂ ಆ ಭಾಗವನ್ನು ತರಗತಿಯಲ್ಲಿ ಪಾಠ ಹೇಳುವಾಗ ಅವನಷ್ಟು ಒಂಟಿಯಾದವನು ಕನ್ನಡ ಕಾವ್ಯದಲ್ಲಿ ಮತ್ತೊಬ್ಬನಿಲ್ಲ ಎನ್ನಿಸುತ್ತದೆ. ಸಂಜಯನಿರುವುದರಿಂದ ಕರ್ಣನಿಲ್ಲದುದು ತುಂಬುವುದಿಲ್ಲ.

ಈ ಮಾತನ್ನು ಇತ್ತೀಚಿನ ಸಮಾಜಶಾಸ್ತ್ರಜ್ಞರೂ ತಮ್ಮ ರೀತಿಯಲ್ಲಿ ಹೇಳಿದ್ದಾರೆ. ಅಮೆರಿಕದ ರಾಬರ್ಟ್ ವೈಸ್ ಎಂಬವರು 1973ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಒಂಟಿತನದಲ್ಲಿ ಎರಡು ಬಗೆಯನ್ನು ಹೇಳಿದರು: ಮನಸ್ಸಿಗೆ ತೀರ ಹತ್ತಿರದವರೊಬ್ಬರು ಇಲ್ಲದುದು ಒಂದು, ತನ್ನವರೆಂಬ ಒಂದು ಗುಂಪು ಇಲ್ಲದುದು ಇನ್ನೊಂದು. ಒಂದರ ಔಷಧ ಇನ್ನೊಂದಕ್ಕೆ ಹಿಡಿಸದು. ಕನ್ನಡದಲ್ಲಿ ಇವೆರಡಕ್ಕೂ ಹೊಸ ಮಾತು ಹುಡುಕಬೇಕಾಗಿಲ್ಲ. ಮೊದಲನೆಯದು ಜತೆ, ಎರಡನೆಯದು ಬಳಗ. ಗಂಡನನ್ನು ಕಳೆದುಕೊಂಡ ಹೆಂಗಸಿನ ಸುತ್ತ ಬಳಗವಿದ್ದರೂ ಜತೆಯಿಲ್ಲ. ಹೊಸದಾಗಿ ಮದುವೆಯಾಗಿ ದೂರದ ಊರಿಗೆ ಹೋದ ಹುಡುಗಿಗೆ ಜತೆಯಿದೆ, ಬಳಗವಿಲ್ಲ. ಮೊದಲನೆಯವಳಿಗೆ ‘ಇಷ್ಟೊಂದು ಜನ ಇದ್ದೇವಲ್ಲ’ ಎಂದೂ, ಎರಡನೆಯವಳಿಗೆ ‘ಗಂಡ ಇದ್ದಾನಲ್ಲ’ ಎಂದೂ ಸಮಾಧಾನ ಹೇಳುವುದು ನಮ್ಮ ರೂಢಿ. ಇಬ್ಬರಿಗೂ ಬೇಕಾದುದನ್ನು ಬಿಟ್ಟು ಇರುವುದನ್ನೇ ತೋರಿಸಿದಂತಾಯಿತು.

ಬಳಗ ತಪ್ಪಿದ ಸ್ಥಿತಿಗೆ ನಮ್ಮ ಹಿರಿಯರು ಎಷ್ಟು ಹೆದರುತ್ತಿದ್ದರೆಂಬುದಕ್ಕೆ ‘ಪರದೇಶಿ’ ಎಂಬ ಮಾತೊಂದೇ ಸಾಕು. ಸಂಸ್ಕೃತದಲ್ಲಿ ಅದಕ್ಕೆ ಬೇರೆ ದೇಶದವನು ಎಂದಷ್ಟೇ ಅರ್ಥ. ಕನ್ನಡಕ್ಕೆ ಬಂದು ಅದು ಗತಿಯಿಲ್ಲದವನು ಎಂದಾಯಿತು. ಊರು ಬಿಟ್ಟವನಿಗೆ ಬೇರೆ ಕಷ್ಟವೇ ಬೇಡ ಎಂಬಂತೆ ಆ ಮಾತು ತಿರುಗಿತು. ‘ದಿಕ್ಕಿಲ್ಲದವನು’ ಎಂಬುದೂ ಹಾಗೆಯೇ. ದಿಕ್ಕು ಎಂದರೆ ಪೂರ್ವ, ಪಶ್ಚಿಮ. ಕನ್ನಡದಲ್ಲಿ ಆಸರೆಯೂ ಹೌದು. ತಿರುಗಿ ನೋಡಲು ಒಬ್ಬ ಮನುಷ್ಯನಿಲ್ಲದವನಿಗೆ ನಾಲ್ಕು ದಿಕ್ಕಿದ್ದೂ ದಿಕ್ಕಿಲ್ಲ. ತಾಯಿಯಿಲ್ಲದ ಮಗುವಿಗೆ ತಬ್ಬಲಿ ಎಂಬ ಮಾತುಂಟು. ಗೋವಿನ ಹಾಡಿನ ಆ ಕರುವನ್ನು ಕೇಳಿ ಅಳದ ಮಕ್ಕಳನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಈಗ ಜಗತ್ತಿನ ಸರ್ಕಾರಗಳೂ ಇದನ್ನು ಮನೆಯೊಳಗಿನ ದುಃಖವೆಂದು ಬಿಟ್ಟುಬಿಟ್ಟಿಲ್ಲ. ಬ್ರಿಟನ್ನಿನಲ್ಲಿ 2018ರಲ್ಲಿ, ಜಪಾನಿನಲ್ಲಿ 2021ರಲ್ಲಿ ಒಂಟಿತನದ ವಿಷಯವನ್ನು ನೋಡಿಕೊಳ್ಳಲು ಸಚಿವರನ್ನೇ ನೇಮಿಸಿದರು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಮನೆತನದವರಾದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಪ್ರಶ್ನೆಯೆಂದು ಎತ್ತಿ ಒಂದು ಸಲಹಾಪತ್ರ ಹೊರಡಿಸಿದರು. ಸುತ್ತ ಜನರ ಒಡನಾಟ ಕಡಮೆಯಿರುವುದು ಒಂದು, ಒಡನಾಟ ಸಾಲದೆಂದು ಮನಸ್ಸು ನೋಯುವುದು ಇನ್ನೊಂದು ಎಂದು ಅದರಲ್ಲಿ ಬೇರ್ಪಡಿಸಿ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರಲ್ಲಿ ಪ್ರಕಟಿಸಿದ ವರದಿಯಂತೆ ಪ್ರಪಂಚದ 6 ಜನರಲ್ಲಿ ಒಬ್ಬರಿಗೆ ಈ ನೋವಿದೆ. ಹೃದಯದ ಕಾಯಿಲೆ, ಪಾರ್ಶ್ವವಾಯುಗಳ ಅಪಾಯ ಇದರಿಂದ ಹೆಚ್ಚುತ್ತದೆಂದೂ ವರದಿ ಹೇಳುತ್ತದೆ. ಇದು ಮುದುಕರ ಕಾಯಿಲೆ ಎಂದು ನಾವು ತಿಳಿದಿದ್ದೆವು. ಆದರೆ 13ರಿಂದ 29 ವಯಸ್ಸಿನವರಲ್ಲಿ ನೂರಕ್ಕೆ 17ರಿಂದ 21 ಮಂದಿ ತಮಗೆ ಒಂಟಿತನವಿದೆ ಎಂದು ಹೇಳಿಕೊಂಡಿದ್ದಾರೆಂದು ಅದೇ ವರದಿಯಲ್ಲಿದೆ.

ಹೇಳಿಕೊಂಡಿದ್ದಾರೆ ಎಂದೆ. ನಮ್ಮ ಕಷ್ಟ ಇರುವುದು ಇಲ್ಲೇ. ಪ್ರಶ್ನಾವಳಿ ಹಿಡಿದು ಬಂದವರಿಗೆ ಹೇಳಿಕೊಳ್ಳುವುದು ಒಂದು; ಮನೆಯವರಿಗೆ ಹೇಳಿಕೊಳ್ಳುವುದು ಇನ್ನೊಂದು. ‘ನನಗೆ ಒಂಟಿತನ ಕಾಡುತ್ತಿದೆ’ ಎಂಬ ವಾಕ್ಯ ಕಥೆ ಕಾದಂಬರಿಗಳಲ್ಲಿ ಬರುತ್ತದೆ. ನಮ್ಮ ಮನೆಗಳ ಅಜ್ಜಿಯರು, ಅತ್ತಿಗೆಯರು, ನಿವೃತ್ತರಾದ ಚಿಕ್ಕಪ್ಪಂದಿರು ಅದನ್ನು ಆಡಿದ್ದು ನಾನು ಕೇಳಿಲ್ಲ. ಅವರಾಡುವ ಮಾತುಗಳೇ ಬೇರೆ. ಹೊತ್ತು ಹೋಗುವುದಿಲ್ಲ ಎನ್ನುತ್ತಾರೆ. ಒಬ್ಬಳಿಗೇ ಏನು ಅಡಿಗೆ ಮಾಡೋದು, ಬೆಳಗಿನದೇ ಇತ್ತು ಎನ್ನುತ್ತಾರೆ. ಬೇಜಾರು ಎನ್ನುತ್ತಾರೆ; ಪಾರಸಿಯಿಂದ ಬಂದು ನಮ್ಮ ಅಡಿಗೆಮನೆಯವರೆಗೂ ನಡೆದ ಆ ಮಾತಿನ ಹಿಂದೆ ಎಷ್ಟೋ ಸಂಗತಿಗಳು ಅಡಗಿರುತ್ತವೆ. ಕಡೆಗೆ, ಮನೆ ಬಿಕೋ ಎನ್ನುತ್ತದೆ ಎನ್ನುತ್ತಾರೆ.

ಈ ‘ಬಿಕೋ’ ಒಂದು ವಿಚಿತ್ರವಾದ ಮಾತು. ವ್ಯಾಕರಣದಲ್ಲಿ ಇದು ಅನುಕರಣಾವ್ಯಯ. ಬೆಂಕಿ ಧಗಧಗ ಎಂದಿತು, ನೀರು ಜುಳುಜುಳು ಎಂದಿತು ಎನ್ನುವಾಗ ನಾವು ಕೇಳಿದ ಅಥವಾ ಕಂಡ ಒಂದನ್ನು ನಾಲಿಗೆ ಅನುಕರಿಸುತ್ತದೆ. ಮನೆ ಬಿಕೋ ಎಂದಿತು ಎನ್ನುವಾಗ ಅಲ್ಲಿ ಶಬ್ದವೇ ಇಲ್ಲ. ಮಾತು, ನಗು, ಪಾತ್ರೆಯ ಸದ್ದು ಯಾವುದೂ ಇಲ್ಲ. ಆ ಇಲ್ಲದಿರುವುದನ್ನೇ ಕನ್ನಡ ಒಂದು ಶಬ್ದವಾಗಿ ಕೇಳಿದೆ. ಇನ್ನೂ ಒಂದು ವಿಶೇಷವೆಂದರೆ ಇಲ್ಲಿ ಕರ್ತೃಪದ ‘ನಾನು’ ಅಲ್ಲ, ‘ಮನೆ’. ಹೇಳುವವರು ತಮ್ಮ ಕೊರಗನ್ನು ಮನೆಯ ಬಾಯಿಂದ ಆಡಿಸಿ ತಾವು ಹಿಂದೆ ಸರಿದು ನಿಲ್ಲುತ್ತಾರೆ.

ಇಷ್ಟು ವಿವರವಾಗಿ ಹೇಳಬಲ್ಲ ನಾನು ಆ ಮಾತನ್ನು ಬೇಕಾದಾಗ ಕೇಳಿಸಿಕೊಳ್ಳಲಿಲ್ಲ. ತಂದೆಯವರು ತೀರಿಕೊಂಡ ಮೇಲೆ ನಮ್ಮ ತಾಯಿ ಹಳ್ಳಿಯ ಮನೆಯಲ್ಲೇ ಇದ್ದರು. ಪೇಟೆಗೆ ಬನ್ನಿ ಎಂದರೆ ಹಸು, ಹಿತ್ತಲು ಎಂದು ನೆವ ಹೇಳುತ್ತಿದ್ದರು. ಒಂದು ಭಾನುವಾರ ಸಂಜೆ ಫೋನಿನಲ್ಲಿ, “ದೀಪ ಹಚ್ಚೋ ಹೊತ್ತಿಗೆ ಮನೆ ಬಿಕೋ ಅನ್ನುತ್ತೆ ಕಣಪ್ಪ. ಬಾ ಅಂತ ಹೇಳ್ತಾ ಇಲ್ಲ, ಸುಮ್ಮನೆ ಹೇಳಿದೆ” ಎಂದರು. ನಾನು “ರೇಡಿಯೊ ಹಾಕ್ಕೋ ಅಮ್ಮ” ಎಂದೆ. ಮಾರನೆಯ ದಿನ ತರಗತಿಯಲ್ಲಿ ಅವ್ಯಯಗಳ ಪಾಠವಿತ್ತು. ಒಳ್ಳೆಯ ಉದಾಹರಣೆ ಸಿಕ್ಕಿತೆಂದು ಅವರ ವಾಕ್ಯವನ್ನೇ ಕಪ್ಪುಹಲಗೆಯ ಮೇಲೆ ಬರೆದೆ. ಊರಿಗೆ ಹೋದುದು ದಸರಾ ರಜೆಗೆ, ಅಂದರೆ ಎರಡು ತಿಂಗಳ ಮೇಲೆ. ಬಸ್ಸು ಹಿಡಿದರೆ ಮೂರು ಗಂಟೆಯ ದಾರಿ. ತಾಯಿ ಈಗ ಇಲ್ಲ. ಆ ವಾಕ್ಯವನ್ನು ನಾನು ಮತ್ತೆ ಹಲಗೆಯ ಮೇಲೆ ಬರೆದಿಲ್ಲ.

ರೇಡಿಯೊ ಹಾಕಿಕೊಳ್ಳಿ ಎಂದುದು ಪೂರ್ತಿ ತಪ್ಪೆಂದು ಹೇಳಲಾರೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಪ್ರಸಾರವನ್ನು ಆರಂಭಿಸಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದರೆಂಬುದು ಸ್ವಾರಸ್ಯದ ಸಂಗತಿ. ಬೆಳಗಿನ ಗೀತಾರಾಧನ, ವಾರ್ತೆ, ರಾತ್ರಿಯ ನಾಟಕ ಇವುಗಳಿಂದ ಎಷ್ಟೋ ಮನೆಗಳಲ್ಲಿ ಮನುಷ್ಯರ ದನಿ ಉಳಿದಿದೆ. ಆದರೆ ರೇಡಿಯೊ ನಮ್ಮೊಡನೆ ಮಾತನಾಡುತ್ತದೆಯೇ ಹೊರತು ನಾವಾಡುವುದನ್ನು ಕೇಳುವುದಿಲ್ಲ. ದೂರದ ಮಕ್ಕಳ ಮುಖವನ್ನು ತೋರಿಸುವ ಇಂದಿನ ಫೋನು ಆ ಕೊರತೆಯನ್ನು ಅಷ್ಟಿಷ್ಟು ತುಂಬೀತು. ಅದರಲ್ಲೂ ‘ಚೆನ್ನಾಗಿದ್ದೀಯಾ’ ಎಂದರೆ ‘ಚೆನ್ನಾಗಿದ್ದೀನಿ’ ಎಂಬ ಉತ್ತರವೇ ಬರುವುದು. ‘ಇವತ್ತು ಏನು ಅಡಿಗೆ? ಯಾರು ಬಂದಿದ್ದರು? ಸಂಜೆ ಎಲ್ಲಿ ಕೂತಿದ್ದೆ?’ ಎಂದು ಕೇಳಿದರೆ ಒಳಗಿನದು ಸ್ವಲ್ಪ ಹೊರಬರುತ್ತದೆ.

ಶಾಲೆಯ ಮಕ್ಕಳ ವಿಷಯಕ್ಕೂ ಇದು ಸಲ್ಲುತ್ತದೆ. ನಾವು ಉಪಾಧ್ಯಾಯರು ಹುಡುಗನೊಬ್ಬನನ್ನು ಹೊಗಳುವಾಗ ‘ಯಾರ ತಂಟೆಗೂ ಹೋಗುವುದಿಲ್ಲ, ತನ್ನ ಪಾಡಿಗೆ ತಾನಿರುತ್ತಾನೆ’ ಎನ್ನುತ್ತೇವೆ. ಪಾಡು ಎಂದರೆ ರೀತಿ, ಸ್ಥಿತಿ. ಪಡುವ ಕಷ್ಟವೂ ಪಾಡೇ. ತನ್ನ ಪಾಡಿಗೆ ತಾನಿರುವ ಮಗು ಯಾವ ಪಾಡಿನಲ್ಲಿದೆ ಎಂಬುದನ್ನು ಹತ್ತಿರ ಹೋಗಿ ನೋಡಿದವರೇ ಹೇಳಬೇಕು. ಪುಸ್ತಕ ಹಿಡಿದು ಮರದ ಕೆಳಗೆ ಕುಳಿತವನನ್ನು ಎಬ್ಬಿಸಿ ಆಟಕ್ಕೆ ತಳ್ಳಬೇಕಾಗಿಲ್ಲ. ಅದು ಅವನ ಏಕಾಂತವಿರಬಹುದು. ಊಟದ ಹೊತ್ತಿನಲ್ಲಿ ಡಬ್ಬಿ ಹಿಡಿದು ಯಾರ ಪಕ್ಕದಲ್ಲಿ ಕೂರಲೆಂದು ಸುತ್ತ ನೋಡುವವನಿಗೆ ಮಾತ್ರ ಒಬ್ಬರು ಜಾಗ ಬಿಟ್ಟುಕೊಡಬೇಕು. ಎರಡನ್ನೂ ಒಂದೇ ಎಂದು ಬಗೆದರೆ ಮೊದಲನೆಯವನಿಗೆ ಹಿಂಸೆ, ಎರಡನೆಯವನಿಗೆ ಅನ್ಯಾಯ.

ಮಾರನೆಯ ದಿನ ಆ ಹುಡುಗನಿಗೆ ಇವಿಷ್ಟನ್ನೂ ಹೇಳಲಾಗಲಿಲ್ಲ. ಒಂಟಿ ಎತ್ತಿನ ಮಾತು, ಬೀಗರ ಮಾತು ಇವೆರಡನ್ನು ಹೇಳಿದೆ. ಅವನು ತಲೆದೂಗಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಸ್ಟೆಲಿನಲ್ಲಿ ನಮ್ಮ ರೂಮಿನಲ್ಲಿ ಎಂಟು ಜನ ಇದ್ದೀವಿ ಸಾರ್. ಏಕಾಂತ ಇಲ್ಲ. ಇನ್ನೊಂದು ಇದೆ” ಎಂದ. ಅವನಿಗೆ ಒಂದು ಅಂಕ ಕೊಟ್ಟೆ. ಅಂದಿನಿಂದ ಮಧ್ಯಾಹ್ನದ ಬಿಡುವಿನಲ್ಲಿ ಗ್ರಂಥಾಲಯದ ಪುಸ್ತಕಗಳನ್ನು ಜೋಡಿಸಲು ಅವನನ್ನೂ ಇನ್ನಿಬ್ಬರು ಹುಡುಗರನ್ನೂ ಕರೆಯುತ್ತೇನೆ. ಪುಸ್ತಕ ಜೋಡಿಸುವುದು ಅಷ್ಟಕ್ಕಷ್ಟೆ. ಮಾತು ಬಹಳ ನಡೆಯುತ್ತದೆ. ಗದ್ದಲವಾಯಿತೆಂದು ನಾನೂ ಗದರುವುದಿಲ್ಲ.